ಸೋರುವ ಕಮೋಡ್ ಕಿತ್ತು ಹೊಸದು ಕೂರಿಸಿದ ಕೆಲಸ: ಅಳತೆ, ಆಯ್ಕೆ, ಜೋಡಣೆ

ಕೆಲಸಕ್ಕೆ ಸಿಕ್ಕ ಕಮೋಡ್ ಎರಡು ತುಂಡಿನದು: ಕೆಳಗೆ ಬೌಲ್, ಅದರ ಬೆನ್ನ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಫ್ಲಶ್ ಟ್ಯಾಂಕ್. ದೂರು ನಾಲ್ಕು. ಒಂದು ಫ್ಲಶ್‌ಗೆ ಹೋಗುವುದಿಲ್ಲ, ಎರಡನೇ ಸಲ ಒತ್ತಬೇಕು. ಟ್ಯಾಂಕಿಗೆ ನೀರು ತುಂಬುವ ಸದ್ದು ರಾತ್ರಿಯೆಲ್ಲ ಬಿಟ್ಟು ಬಿಟ್ಟು ಕೇಳುತ್ತದೆ. ಕೂತರೆ ಅಲುಗಾಡುತ್ತದೆ. ಬುಡದ ಸುತ್ತ ಟೈಲ್ಸ್ ಸಂದು ಕಪ್ಪಗಾಗಿದೆ. ಇಷ್ಟು ಕೇಳಿದರೆ ಸಾಕು, ಹೊಸದು ತಂದುಬಿಡೋಣ ಅನಿಸುತ್ತದೆ. ಆದರೆ ಇವುಗಳಲ್ಲಿ ಮೂರು ದೂರು ಕಮೋಡ್ ಬದಲಿಸದೆಯೂ ಹೋಗಬಹುದು. ಕಾರಣ ಬೇರೆಡೆ ಇದ್ದರೆ ಹೊಸದು ತಂದ ಮೇಲೂ ಹಾಗೇ ಉಳಿಯಬಹುದು. ಆದ್ದರಿಂದ ಮೊದಲ ದಿನ ಸ್ಪ್ಯಾನರ್ ಹೊರಗೆ ತೆಗೆಯಲೇ ಇಲ್ಲ.

ಕೀಳುವ ಮೊದಲು

ಮೊದಲನೆಯದು ಬಕೆಟ್ ಪರೀಕ್ಷೆ. 7–8 ಲೀಟರ್ ನೀರು ಹಿಡಿದ ಬಕೆಟ್ಟನ್ನು ಮಂಡಿಯೆತ್ತರಕ್ಕೆ ಎತ್ತಿ, ಎರಡು ಮೂರು ಸೆಕೆಂಡಿನೊಳಗೆ ಬೌಲ್‌ನ ನಡುವಿಗೆ ಸುರಿಯಬೇಕು. ನೀರು ಗುಳಕ್ಕನೆ ಎಳೆದುಕೊಂಡು ಹೋದರೆ ಬೌಲ್‌ನ ಬಾಗು (ನೀರು ಹೊರಹೋಗುವ ಬಳಸುದಾರಿ), ಆಚೆಗಿನ ಕೊಳವೆ ಎರಡೂ ಸರಿ ಇವೆ. ತಪ್ಪು ಟ್ಯಾಂಕಿನದೋ ರಿಮ್ಮಿನದೋ (ಅಡಿಯ ರಂಧ್ರಗಳಿಂದ ಬೌಲ್‌ಗೆ ನೀರು ಬಿಡುವ ಮೇಲಂಚು). ನೀರು ಅಂಚಿನವರೆಗೆ ಏರಿ ನಿಧಾನಕ್ಕೆ ಇಳಿದರೆ ಬಾಗಿನಲ್ಲೋ ಕೊಳವೆಯಲ್ಲೋ ಏನೋ ಸಿಕ್ಕಿಕೊಂಡಿದೆ. ಅದು ಕೊಳವೆಯಲ್ಲಿದ್ದರೆ ಎಂಥ ಹೊಸ ಕಮೋಡ್ ತಂದರೂ ನೀರು ಅದೇ ರೀತಿ ನಿಲ್ಲುತ್ತದೆ.

ಇಲ್ಲಿ ನೀರು ಸಲೀಸಾಗಿ ಹೋಯಿತು. ಟ್ಯಾಂಕಿನ ಮುಚ್ಚಳ ತೆಗೆದರೆ ನೀರಿನ ಮಟ್ಟ ಒಳಗಿನ ಗುರುತಿಗಿಂತ 35 ಮಿಮೀ ಕೆಳಗಿತ್ತು. ಕೈಗನ್ನಡಿಯನ್ನು ರಿಮ್ಮಿನ ಅಡಿ ಹಿಡಿದು ಟಾರ್ಚ್ ಬಿಟ್ಟಾಗ ಉಳಿದದ್ದು ಕಂಡಿತು. ಮುಂಭಾಗದ ರಂಧ್ರಗಳು ಪೆನ್ಸಿಲ್ ತೂರುವಷ್ಟು ಅಗಲವಿರಬೇಕಿತ್ತು, ಬೆಂಕಿಕಡ್ಡಿ ತೂರುವಷ್ಟೂ ಉಳಿದಿರಲಿಲ್ಲ. ಸುತ್ತ ಹಳದಿ ಸುಣ್ಣದ ಪದರ ಬಳೆಯಂತೆ ಕಟ್ಟಿತ್ತು. ಎರಡು ಸಲ ಫ್ಲಶ್ ಬೇಕಾಗಿದ್ದಕ್ಕೆ ಇದೇ ಕಾರಣ, ಬೌಲ್‌ನ ವಿನ್ಯಾಸದ ತಪ್ಪೇನಿಲ್ಲ. ಇಷ್ಟೇ ಆಗಿದ್ದರೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ಬಟ್ಟೆ ಅದ್ದಿ ರಿಮ್ಮಿನಡಿ ತುರುಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪ್ಲಾಸ್ಟಿಕ್ ಕಡ್ಡಿಯಿಂದ ಕೆದಕಿದರೆ ಮುಗಿಯುತ್ತಿತ್ತು.

ಎರಡನೆಯದು ಸೋರಿಕೆ. ಟ್ಯಾಂಕಿನ ನೀರಿಗೆ ಒಂದು ಚಮಚ ಗಾಢ ಬಣ್ಣ ಕಲಸಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಬೇಕು. ಬೌಲ್‌ನ ನೀರಿಗೆ ಬಣ್ಣ ಬಂದರೆ, ಟ್ಯಾಂಕಿನ ತಳದಿಂದ ಬೌಲ್‌ಗೆ ನೀರು ಬಿಡುವ ಫ್ಲಶ್ ವಾಲ್ವ್‌ನ ವಾಷರ್ ಹಿಡಿಯುತ್ತಿಲ್ಲ. ಇಲ್ಲಿ ಎಂಟು ನಿಮಿಷಕ್ಕೇ ಬಂತು. ಎಷ್ಟು ಸೋರುತ್ತಿದೆ ಎಂದು ತಿಳಿಯಲು ಆ್ಯಂಗಲ್ ಕಾಕ್ (ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸುವ ಗೋಡೆಯ ನಲ್ಲಿ) ಮುಚ್ಚಿ, ಟ್ಯಾಂಕಿನ ಒಳಗೋಡೆಗೆ ಪೆನ್ಸಿಲ್ ಗುರುತು ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಟ್ಯಾಂಕಿನ ಒಳ ಅಳತೆ 35 ಸೆಂಮೀ ಉದ್ದ, 15 ಸೆಂಮೀ ಅಗಲ ಇದ್ದರೆ ಮಟ್ಟ ಒಂದು ಸೆಂಮೀ ಇಳಿದದ್ದಕ್ಕೆ 525 ಮಿಲಿ ಲೆಕ್ಕ. ಗಂಟೆಗೆ ಎರಡು ಸೆಂಮೀ ಇಳಿದರೆ ದಿನಕ್ಕೆ 25 ಲೀಟರ್ ಸದ್ದಿಲ್ಲದೆ ಹೋಗುತ್ತಿದೆ. ಸೋರಿಕೆ ಕಿವಿಗೆ ಕೇಳುವಷ್ಟಾದರೆ, ಅಂದರೆ ನಿಮಿಷಕ್ಕೆ 100 ಮಿಲಿ ಅಂದುಕೊಳ್ಳಿ, ಅದು ದಿನಕ್ಕೆ 144 ಲೀಟರ್. ಇದನ್ನೂ ವಾಷರ್ ಬದಲಿಸಿ ನಿಲ್ಲಿಸಬಹುದು.

ನಿರ್ಧಾರ ಮಾಡಿಸಿದ್ದು ಮೂರನೆಯದು. ಬುಡವನ್ನು ಒಣಬಟ್ಟೆಯಿಂದ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿದಾಗ, ಬಲಗಡೆಯ ತಿರುಪಿನ ರಂಧ್ರದಿಂದ ಕೂದಲೆಳೆಯಂಥ ಬಿರುಕು 70 ಮಿಮೀ ಮೇಲಕ್ಕೆ ಹೋಗಿತ್ತು. ಅದರ ತುದಿ ನೀರು ನಿಲ್ಲುವ ಮಟ್ಟಕ್ಕಿಂತ ಕೆಳಗೇ ಇತ್ತು, ತುದಿಯಲ್ಲಿ ತೇವ ಜಿನುಗುತ್ತಿತ್ತು. ಯಾರೋ ಅಲುಗಾಟ ನಿಲ್ಲಿಸಲು ತಿರುಪನ್ನು ಬಿಗಿದು ಬಿಗಿದು ಪಿಂಗಾಣಿಯನ್ನೇ ಸೀಳಿದ್ದಾರೆ. ಇಂಥ ಬಿರುಕಿಗೆ ಯಾವ ಅಂಟೂ ನಂಬಿಕಸ್ತವಲ್ಲ. ಕೂತಾಗಿನ ಭಾರಕ್ಕೆ ಒಂದು ದಿನ ಪೂರ್ತಿ ಬಿಟ್ಟುಕೊಳ್ಳುತ್ತದೆ, ಒಡೆದ ಪಿಂಗಾಣಿಯ ಅಂಚೋ ಚಾಕುವಿಗಿಂತ ಹರಿತ.

ಬೌಲ್ ಬಿರುಕು ಬಿಟ್ಟಿರುವುದು, ಟ್ಯಾಂಕಿನ ಒಳಭಾಗಗಳು ಎಲ್ಲೂ ಸಿಗದಿರುವುದು, ಬಾಗಿನ ಒಳಮೈಯ ಹೊಳಪು ಆಸಿಡ್‌ಗೆ ತಿಂದುಹೋಗಿ ಪದೇ ಪದೇ ಕಟ್ಟಿಕೊಳ್ಳುವುದು, ಇವು ಬದಲಿಸಲು ನಿಜವಾದ ಕಾರಣಗಳು. ಒಂದು ಫ್ಲಶ್‌ಗೆ 10–12 ಲೀಟರ್ ಕುಡಿಯುವ ಹಳೇ ಮಾದರಿಯನ್ನೂ ಈ ಸಾಲಿಗೆ ಸೇರಿಸಬಹುದು. ಕಲೆ, ಸದ್ದು, ಸಡಿಲವಾದ ಸೀಟು ಇವೆಲ್ಲ ರಿಪೇರಿಯ ಬಾಬತ್ತು.

ಟೇಪು ಹಿಡಿಯುವ ಕೆಲಸ

ಆಯ್ಕೆ ಶುರುವಾಗುವುದು ಬಚ್ಚಲುಮನೆಯ ನೆಲದಲ್ಲಿ. ಅಂಗಡಿಯಲ್ಲಿ ಎಷ್ಟೇ ಚೆಂದ ಕಂಡರೂ ಹೊರಹೋಗುವ ಬಾಯಿ ನಿಮ್ಮ ಕೊಳವೆಗೆ ಸರಿಹೊಂದದಿದ್ದರೆ ಅದು ವಾಪಸ್ ಹೋಗಬೇಕಾದ ಮಾಲು.

ಬಾಯಿ ನೆಲಕ್ಕೆ ಇಳಿದರೆ ಎಸ್ ಟ್ರ್ಯಾಪ್, ಹಿಂದಿನ ಗೋಡೆಗೆ ಹೋದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್‌ನಲ್ಲಿ ಗೋಡೆಯಿಂದ ನೆಲದ ಕೊಳವೆಯ ನಡುಬಿಂದುವಿಗೆ ಇರುವ ದೂರವೇ ಮುಖ್ಯ. ಗೋಡೆ ಎಂದರೆ ಟೈಲ್ಸ್ ಹಾಕಿದ ಮೇಲಿನ ಮುಖ. ಬುಡದ ಪಟ್ಟಿಯಿಂದ ಅಳೆದು 10–15 ಮಿಮೀ ತಪ್ಪುವವರೇ ಹೆಚ್ಚು. ಉತ್ತರ ಅಮೆರಿಕದಲ್ಲಿ ಸಾಮಾನ್ಯ ಅಳತೆ 12 ಇಂಚು, ಅಂದರೆ 305 ಮಿಮೀ. 10 ಮತ್ತು 14 ಇಂಚಿನವೂ ಇವೆ. ಬೇರೆ ಮಾರುಕಟ್ಟೆಗಳಲ್ಲಿ 100, 150, 220, 300 ಮಿಮೀ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಪಿ ಟ್ರ್ಯಾಪ್‌ಗೆ ನೆಲದಿಂದ ಕೊಳವೆಯ ನಡುಬಿಂದುವಿನ ಎತ್ತರ ಅಳೆಯಬೇಕು; ಬಹುತೇಕ 180 ಮಿಮೀ ಆಸುಪಾಸು ಇರುತ್ತದೆ.

ಕಮೋಡ್ ಇನ್ನೂ ಜಾಗದಲ್ಲೇ ಇರುವಾಗ ನಡುಬಿಂದು ಕಾಣುವುದಿಲ್ಲ. ನೆಲದ ಫ್ಲೇಂಜಿನ (ಕೊಳವೆಯ ಬಾಯಿಯ ಸುತ್ತ ಕೂರಿಸಿದ ಬಳೆಯ) ಬೋಲ್ಟ್‌ಗಳಿಗೆ ಕೂರಿಸಿದ ಮಾದರಿಯಾದರೆ ಎಡಬಲದ ಆ ಎರಡು ಬೋಲ್ಟ್‌ಗಳ ಗೆರೆಯೇ ಕೊಳವೆಯ ನಡುಗೆರೆ. ಗೋಡೆಯಿಂದ ಬೋಲ್ಟ್‌ಗೆ ಅಳೆದರೆ ಆಯಿತು. ನೆಲಕ್ಕೆ ನೇರವಾಗಿ ತಿರುಪು ಹೊಡೆದ ಮಾದರಿಯಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ತಿರುಪಿಗೂ ಕೊಳವೆಗೂ ಸಂಬಂಧವಿಲ್ಲ. ಹಿಂದಿನಿಂದ ಇಣುಕಿ ಬಾಯಿಯ ಹಿಂಬದಿ ಅಂಚನ್ನು ಅಳೆದು, ಅದಕ್ಕೆ ಬಾಯಿಯ ಅರ್ಧ ವ್ಯಾಸ ಸೇರಿಸಬೇಕು. ಅನುಮಾನ ಉಳಿದರೆ ಕಿತ್ತ ಮೇಲೇ ಕೊಳ್ಳುವುದು ಲೇಸು. ಒಂದು ದಿನದ ಅನಾನುಕೂಲ, 40 ಕಿಲೋ ಪಿಂಗಾಣಿಯನ್ನು ಎರಡು ಸಲ ಹೊರುವುದಕ್ಕಿಂತ ವಾಸಿ.

ಇಲ್ಲಿ ಬಂದ ಅಳತೆ 228 ಮಿಮೀ. 220 ಎಂದು ಬರೆದಿರುವುದು ಕೂರುತ್ತದೆ, ಬೆನ್ನ ಹಿಂದೆ 8 ಮಿಮೀ ಸಂದು ಹೆಚ್ಚಾಗುತ್ತದೆ ಅಷ್ಟೆ. 300ರದ್ದು ಕೂರುವುದೇ ಇಲ್ಲ, ಟ್ಯಾಂಕು ಗೋಡೆಯೊಳಗೆ ಹೋಗಬೇಕಾಗುತ್ತದೆ. ನೆನಪಿಡಲು ಸುಲಭ: ಕಮೋಡಿನ ಅಳತೆ ನೆಲದ ಅಳತೆಗಿಂತ ಕಡಿಮೆ ಇದ್ದರೆ ಸಂದು ಬೀಳುತ್ತದೆ, ಹೆಚ್ಚಿದ್ದರೆ ಜಾಗವೇ ಸಾಲದು. ಸಣ್ಣ ವ್ಯತ್ಯಾಸ ಸರಿಪಡಿಸಲು, ಕಮೋಡಿನ ಬಾಯಿಯನ್ನು ಕೊಳವೆಗೆ ಸೇರಿಸುವ, ನಡು ತಪ್ಪಿಸಿದ ರಬ್ಬರ್ ಕನೆಕ್ಟರ್‌ಗಳು ಸಿಗುತ್ತವೆ. 20 ಮಿಮೀವರೆಗೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚು ಸರಿಸುವಂಥದ್ದು ಕೊಳವೆಯ ಬಾಯಲ್ಲೇ ಒಂದು ಮೆಟ್ಟಿಲು ಕಟ್ಟಿದಂತೆ. ಟಾಯ್ಲೆಟ್ ಕಾಗದ ಮೊದಲು ಸಿಕ್ಕಿಕೊಳ್ಳುವುದು ಅಲ್ಲೇ.

ಉಳಿದ ಅಳತೆಗಳು ಬೇಗ ಮುಗಿಯುತ್ತವೆ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 380 ಮಿಮೀ, 450 ಇದ್ದರೆ ಮೊಣಕೈಗೆ ಹಾಯಿ. ಮುಂದುಗಡೆ ಕನಿಷ್ಠ 530, ಬಾಗಿಲು ಒಳಕ್ಕೆ ತೆರೆಯುವುದಾದರೆ ಅದು ತಿರುಗುವ ಸುತ್ತನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿ. ಕೂರುವ ಎತ್ತರ ಸಾಮಾನ್ಯ ಮಾದರಿಯಲ್ಲಿ 390–400 ಮಿಮೀ; ಮಂಡಿನೋವಿನವರಿಗೆ, ಎತ್ತರದವರಿಗೆ 430–480 ಒಳ್ಳೆಯದು, ಆದರೆ ಮಕ್ಕಳ ಕಾಲು ಜೋತಾಡುತ್ತದೆ. ನೀರಿನ ಕೊಳವೆ ಗೋಡೆಯಿಂದ ಬರುವ ಜಾಗವನ್ನೂ ಗುರುತಿಸಿಕೊಳ್ಳಿ. ಬುಡ ಅಗಲವಿರುವ ಮಾದರಿ ಆ್ಯಂಗಲ್ ಕಾಕ್‌ಗೇ ತಗುಲಿ ಕೂರದೇ ಹೋದದ್ದುಂಟು.

ಯಾವುದು ಆರಿಸಬೇಕು

ಪಿಂಗಾಣಿ ಒಡೆಯದಿದ್ದರೆ ತಲೆಮಾರು ಬಾಳುತ್ತದೆ. ಕೆಡುವುದು ಟ್ಯಾಂಕಿನೊಳಗಿನ ರಬ್ಬರು ಮತ್ತು ಪ್ಲಾಸ್ಟಿಕ್. ಹಾಗಾಗಿ ನಂಬಿಕಸ್ತ ಕಮೋಡ್ ಎಂದರೆ ಹತ್ತು ವರ್ಷದ ನಂತರವೂ ಒಳಭಾಗ ಸಿಗುವ, ಅದನ್ನು ಗೋಡೆ ಒಡೆಯದೆ ಬದಲಿಸಲು ಬರುವ ಕಮೋಡ್. ಇಲ್ಲಿನ ಆಯ್ಕೆಯೆಲ್ಲ ಈ ಒಂದು ಅಳತೆಗೋಲಿನಿಂದಲೇ ನಡೆಯಿತು.

ಮೊದಲು ಬೌಲ್ ಹೇಗೆ ಕೆಲಸ ಮಾಡುತ್ತದೆ ಎಂಬುದು. ಎರಡು ಬಗೆ. ನೀರಿನ ತಳ್ಳುವಿಕೆಯಿಂದಲೇ ಎಲ್ಲವನ್ನೂ ಆಚೆ ದೂಡುವುದು ವಾಶ್‌ಡೌನ್. ಅದರ ಬಾಗು ಗಿಡ್ಡ, ದಾರಿ ಅಗಲ. ಇನ್ನೊಂದು ಸೈಫನಿಕ್: ಬಾಗು ಉದ್ದ, ಅಂಕುಡೊಂಕು, ದಾರಿ 50–60 ಮಿಮೀ. ನೀರು ಒಮ್ಮೆಲೇ ಬಂದು ಆ ದಾರಿ ಪೂರ್ತಿ ತುಂಬಿದಾಗ ಸೈಫನ್ ಹಿಡಿದು ಬೌಲ್‌ನಲ್ಲಿದ್ದುದನ್ನೆಲ್ಲ ಹೀರಿಕೊಳ್ಳುತ್ತದೆ. ಸೈಫನಿಕ್‌ನಲ್ಲಿ ನಿಂತ ನೀರಿನ ಮೇಲ್ಮೈ ದೊಡ್ಡದು, ಆದ್ದರಿಂದ ಬೌಲ್ ಸ್ವಚ್ಛವಾಗಿರುತ್ತದೆ, ವಾಸನೆ ಕಡಿಮೆ, ಸದ್ದೂ ಕಡಿಮೆ. ಆದರೆ ಅದರ ಕೆಲಸವೆಲ್ಲ ನೀರು ಬರುವ ವೇಗದ ಮೇಲೆ ನಿಂತಿದೆ. ರಿಮ್ಮಿನ ರಂಧ್ರಗಳೋ ತಳದ ಜೆಟ್ಟೋ ಸುಣ್ಣ ಕಟ್ಟಿದರೆ ಸೈಫನ್ ಹಿಡಿಯುವುದಿಲ್ಲ, ನೀರು ಸುಮ್ಮನೆ ಸುತ್ತಿ ಇಳಿಯುತ್ತದೆ. ವಾಶ್‌ಡೌನ್‌ನಲ್ಲಿ ನೀರಿನ ಮೇಲ್ಮೈ ಸಣ್ಣದು. ಬೌಲ್‌ನ ಇಳಿಜಾರಿಗೆ ಕಲೆ ಅಂಟುತ್ತದೆ, ಬ್ರಷ್ ಹೆಚ್ಚು ಸಲ ಹಿಡಿಯಬೇಕು. ಕಟ್ಟಿಕೊಳ್ಳುವುದು ಮಾತ್ರ ಕಡಿಮೆ. ಗಡಸು ನೀರಿರುವ ಕಡೆ ವಾಶ್‌ಡೌನೇ ಸರಿ. ಇಲ್ಲಿನ ಹಳೇ ರಿಮ್ಮಿನ ಸ್ಥಿತಿ ಕಂಡ ಮೇಲೆ ಬೇರೆ ಯೋಚನೆಯೇ ಬರಲಿಲ್ಲ.

ನೀರಿನ ಪ್ರಮಾಣದ ಬಗ್ಗೆ ಒಂದು ಹಳೇ ಪಾಠವಿದೆ. ಅಮೆರಿಕದಲ್ಲಿ 1992ರ ಕಾನೂನು ಮನೆಯ ಹೊಸ ಕಮೋಡ್‌ಗಳಿಗೆ 1994ರಿಂದ ಒಂದು ಫ್ಲಶ್‌ಗೆ 6 ಲೀಟರಿನ ಮಿತಿ ಹಾಕಿತು. ಮೊದಮೊದಲು ಬಂದ ಎಷ್ಟೋ ಮಾದರಿಗಳಲ್ಲಿ ಬೌಲ್‌ನ ಆಕಾರ ಹೆಚ್ಚೇನೂ ಬದಲಾಗಿರಲಿಲ್ಲ, ನೀರಷ್ಟೇ ಕಡಿಮೆಯಾಗಿತ್ತು. ಜನ ಎರಡೆರಡು ಸಲ ಫ್ಲಶ್ ಮಾಡಿದರು. ಆಮೇಲೆ ಬಾಗು, ವಾಲ್ವ್, ರಿಮ್ ಎಲ್ಲವನ್ನೂ ಹೊಸದಾಗಿ ರೂಪಿಸಿದ ಮೇಲೆ 4.8 ಲೀಟರೂ ಸಾಕಾಯಿತು. ಅಂದರೆ ಟ್ಯಾಂಕೂ ಬೌಲೂ ಜೋಡಿ. ಒಂದು ಮಾದರಿಯ ಟ್ಯಾಂಕನ್ನು ಇನ್ನೊಂದರ ಬೌಲ್‌ಗೆ ಹಾಕಬಾರದು, ನೀರು ಉಳಿಸಲೆಂದು ಟ್ಯಾಂಕಿನೊಳಗೆ ಇಟ್ಟಿಗೆ ಇಡಲೂಬಾರದು. ಇಟ್ಟಿಗೆ ಕರಗಿ ಅದರ ಪುಡಿ ವಾಷರ್ ಅಡಿ ಕೂರುತ್ತದೆ, ಉಳಿಸಿದ ನೀರು ಸೋರಿಕೆಯಲ್ಲಿ ಹೋಗುತ್ತದೆ.

ಒಂದು ಫ್ಲಶ್ ಎಷ್ಟು ಹೊತ್ತೊಯ್ಯುತ್ತದೆ ಎಂಬುದಕ್ಕೆ ಉತ್ತರ ಅಮೆರಿಕದಲ್ಲಿ 2003ರಿಂದ ಮ್ಯಾಪ್ ಎಂಬ ಪರೀಕ್ಷೆ ನಡೆಯುತ್ತಿದೆ. ಸೋಯಾಬೀನ್ ಪೇಸ್ಟಿನ ಉಂಡೆಗಳನ್ನೂ ಕಾಗದವನ್ನೂ ಹಾಕಿ, ಒಂದೇ ಫ್ಲಶ್‌ನಲ್ಲಿ ಎಷ್ಟು ಗ್ರಾಂ ಹೋಯಿತು ಎಂದು ನೋಡುತ್ತಾರೆ. ಅಂಕ 1000 ಗ್ರಾಂವರೆಗೆ. ನೀವು ನೋಡುತ್ತಿರುವ ಮಾದರಿಗೆ ಈ ಅಂಕ ಇದ್ದರೆ 600ರ ಮೇಲಿರುವುದನ್ನು ಆರಿಸಿ. 800ಕ್ಕೂ 1000ಕ್ಕೂ ಮನೆಯ ಬಳಕೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಡ್ಯುಯಲ್ ಫ್ಲಶ್, ಅಂದರೆ ಕಡಿಮೆ ನೀರಿಗೊಂದು ಪೂರ್ತಿ ನೀರಿಗೊಂದು ಬಟನ್, ಈಗ ಎಲ್ಲ ಕಡೆ ಇದೆ. 3 ಮತ್ತು 6 ಲೀಟರ್ ಸಾಮಾನ್ಯ ಜೋಡಿ. ನೀರು ಉಳಿಯುವುದು ನಿಜ. ಆದರೆ ವಾಲ್ವ್ ಸೋರಿದರೆ ಆ ಉಳಿತಾಯ ಸೋರಿಕೆಯಲ್ಲೇ ಹೋಗುತ್ತದೆ. ಬ್ರಿಟನ್ನಿನಲ್ಲಿ 2001ರವರೆಗೂ ಟ್ಯಾಂಕಿನೊಳಗೆ ವಾಲ್ವ್ ಬದಲು ಸೈಫನ್ ಕೊಳವೆಯನ್ನೇ ಹಾಕಬೇಕಿತ್ತು. ಅದರಲ್ಲಿ ನೀರು ದಾಟಬೇಕಾದ ಅಂಚು ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ಸೋರುವ ಮಾತೇ ಇಲ್ಲ. ಈಗಿನ ವಾಲ್ವ್‌ಗಳೆಲ್ಲ ನೀರಿನ ತಳದಲ್ಲಿ ಒಂದು ರಬ್ಬರ್ ಬಿಲ್ಲೆಯನ್ನು ನಂಬಿ ಕೂತಿವೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಈ ವಾಷರ್ ಒಂದೇ ಬಿಡಿಯಾಗಿ ಸಿಗುತ್ತದೆಯೇ, ಅಥವಾ ವಾಲ್ವ್ ಪೂರ್ತಿ ಕೊಳ್ಳಬೇಕೇ? ವಾಲ್ವನ್ನು ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎತ್ತುವಂತಿದ್ದರೆ ವಾಷರ್ ಬದಲಿಸಲು ಐದು ನಿಮಿಷ. ಟ್ಯಾಂಕು ಬಿಚ್ಚಿ ಕೆಳಗಿನ ನಟ್ಟು ಸಡಿಲಿಸಬೇಕಾದರೆ ಅರ್ಧ ದಿನ.

ಒಂದು ತುಂಡಿನದೋ ಎರಡು ತುಂಡಿನದೋ? ಒಂದು ತುಂಡಿನದರಲ್ಲಿ ಟ್ಯಾಂಕಿಗೂ ಬೌಲ್‌ಗೂ ನಡುವೆ ಗ್ಯಾಸ್ಕೆಟ್ ಇಲ್ಲ, ಸೋರುವ ಒಂದು ಜಾಗ ಕಡಿಮೆ, ಒರೆಸಲೂ ಸುಲಭ. ಆದರೆ ಭಾರ, ಇಬ್ಬರಿಲ್ಲದೆ ಎತ್ತುವಂತಿಲ್ಲ. ಟ್ಯಾಂಕಿಗೆ ಪೆಟ್ಟು ಬಿದ್ದರೆ ಪೂರ್ತಿ ಎಸೆಯಬೇಕು. ಕುಳ್ಳ ಟ್ಯಾಂಕಿನ ಮಾದರಿಗಳಿಗೆ ಆ ಕಂಪನಿಯ ವಾಲ್ವೇ ಬೇಕು, ಮಾಮೂಲಿ ಎತ್ತರದ್ದು ಮುಚ್ಚಳಕ್ಕೆ ತಾಗುತ್ತದೆ. ಗೋಡೆಗೆ ತೂಗುಹಾಕುವ ಬಗೆಯಲ್ಲಿ ನೆಲ ತೊಳೆಯುವುದು ಆರಾಮ, ಒಳ್ಳೆಯ ಕಬ್ಬಿಣದ ಚೌಕಟ್ಟುಗಳನ್ನು 400 ಕಿಲೋ ಭಾರಕ್ಕೆ ಪರೀಕ್ಷಿಸಿರುತ್ತಾರೆ. ಆದರೆ ಟ್ಯಾಂಕು ಗೋಡೆಯೊಳಗೆ. ಮುಂದಿನ ಬಟನ್ ಫಲಕದ ಕಿಂಡಿಯಿಂದಲೇ ಎಲ್ಲ ರಿಪೇರಿ. ಬರೀ ಹಳೆಯದನ್ನು ಬದಲಿಸುವ ಕೆಲಸಕ್ಕೆ ಗೋಡೆ ಒಡೆದು ಇದನ್ನು ಹಾಕುವುದು ತಲೆನೋವು ಕೊಂಡು ತಂದಂತೆ. ಈ ಕೆಲಸಕ್ಕೆ ಎರಡು ತುಂಡಿನದೇ ಖಾಯಂ ಆಯಿತು.

ಬುಡವೆಲ್ಲ ಮುಚ್ಚಿ ನುಣ್ಣಗೆ ಕಾಣುವ ಮಾದರಿಗಳಲ್ಲಿ ಹಿಂದಿನ ಕೊಳವೆಗೆ ಕೈ ಹೋಗುವುದಿಲ್ಲ. ಕುರುಡಾಗಿ ಕೂರಿಸಬೇಕು, ಕನೆಕ್ಟರ್ ಮಡಚಿಕೊಂಡಿದ್ದರೂ ಕಾಣುವುದಿಲ್ಲ. ರಿಮ್ ಇಲ್ಲದ ಬೌಲ್ ಮಾತ್ರ ಒಳ್ಳೆಯ ಬದಲಾವಣೆ. ಸುಣ್ಣ ಕಟ್ಟಲು ರಂಧ್ರಗಳೇ ಇಲ್ಲ. ನೀರು ಹೊರಗೆ ಸಿಡಿಯದಂತೆ ಟ್ಯಾಂಕಿನ ಮಟ್ಟ ಸ್ವಲ್ಪ ಹೊಂದಿಸಬೇಕಾಗುತ್ತದೆ, ಅಷ್ಟೆ.

ನೀರಿನ ಒತ್ತಡವನ್ನು ಮರೆಯುವುದು ಸಾಮಾನ್ಯ. 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸುಮಾರು 1 ಬಾರ್ ಒತ್ತಡ. ಮೇಲಿನ ನೀರಿನ ಟ್ಯಾಂಕಿನ ತಳ ಕಮೋಡಿನ ವಾಲ್ವ್‌ಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಟ್ಯಾಂಕಿಗೆ ನೀರು ತುಂಬುವ ಫಿಲ್ ವಾಲ್ವ್‌ನ ಪೆಟ್ಟಿಗೆಯ ಮೇಲೆ ಕನಿಷ್ಠ 0.5 ಬಾರ್ ಎಂದಿದ್ದರೆ ಟ್ಯಾಂಕು ತುಂಬಲು ಹತ್ತು ನಿಮಿಷ ಬೇಕಾಗಬಹುದು, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚದೆ ತೊಟ್ಟಿಕ್ಕಬಹುದು.

ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿಸಿ

ಬೌಲನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ. ಒಳ್ಳೆಯ ಪಿಂಗಾಣಿ ಗಂಟೆಯಂತೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಮಟ್ಟವಾದ ನೆಲದ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ: 2 ಮಿಮೀವರೆಗಿನ ಅಲುಗಾಟಕ್ಕೆ ಪ್ಲಾಸ್ಟಿಕ್ ಬಿಲ್ಲೆ ಸಾಕು, ಹೆಚ್ಚಿದ್ದರೆ ಬೇರೆ ತೆಗೆಸಿ. ಹೊರಬಾಯಿಯೊಳಗೆ ಕೈ ಹಾಕಿ ಬಾಗಿನ ಒಳಮೈಯನ್ನು ಬೆರಳಿನಿಂದ ಸವರಿ, ಗಾಜಿನಂತೆ ಜಾರಬೇಕು. ಮರಳುಕಾಗದದಂತೆ ಹಿಡಿದುಕೊಂಡರೆ ಅಲ್ಲಿ ಮೆರುಗು ಹಾಕಿಲ್ಲ, ಕಾಗದ ಅಲ್ಲೇ ಅಂಟುತ್ತದೆ. ಟ್ಯಾಂಕಿನ ತಳದ ದೊಡ್ಡ ರಂಧ್ರದ ಅಂಚನ್ನೂ ಸವರಿ. ಅಲ್ಲಿ ಮೆರುಗಿನ ಗಂಟು ಹೆಪ್ಪುಗಟ್ಟಿದ್ದರೆ ವಾಲ್ವ್‌ನ ಗ್ಯಾಸ್ಕೆಟ್ ಎಂದೂ ಸರಿಯಾಗಿ ಕೂರುವುದಿಲ್ಲ. ಈ ಗಂಟು ಅಪರೂಪವೇನಲ್ಲ, ಆದರೆ ನೋಡುವವರು ಕಡಿಮೆ.

ಸೀಟಿನ ಬೋಲ್ಟ್‌ಗಳ ನಡುವಿನ ದೂರ ಸಾಮಾನ್ಯವಾಗಿ 155 ಮಿಮೀ. ಅದೇ ಅಳತೆ, ಅಂಡಾಕಾರದ ಬೌಲ್ ಇದ್ದರೆ ಮುಂದೆ ಹೆಚ್ಚಿನ ಸೀಟುಗಳು ಹೊಂದುತ್ತವೆ. ಚೌಕಾಕಾರದ ಬೌಲ್‌ಗೆ ಅದಕ್ಕೇ ಆದ ಸೀಟು ಹುಡುಕಿಕೊಂಡು ಅಲೆಯಬೇಕು.

ಹಳೆಯದನ್ನು ಎತ್ತುವುದು

ಆ್ಯಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ಟ್ಯಾಂಕಿನ ತಳದ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆಯುವುದು. ಬೌಲ್‌ನ ನೀರನ್ನು ಮಗ್‌ನಿಂದ ಖಾಲಿ ಮಾಡಿದರೂ ಬಾಗಿನಲ್ಲಿ ಒಂದೆರಡು ಲೀಟರ್ ಉಳಿದಿರುತ್ತದೆ, ಎತ್ತುವಾಗ ಚೆಲ್ಲುವುದು ಅದೇ. ಟ್ಯಾಂಕಿನ ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಹೆಣಗಾಡಬೇಡಿ, ಟ್ಯಾಂಕಿಗೂ ಬೌಲ್‌ಗೂ ನಡುವಿನ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಕೊಯ್ಯಿರಿ.

ಬುಡಕ್ಕೆ ವೈಟ್ ಸಿಮೆಂಟ್ ಮೆತ್ತಿದ್ದರು. ಸಣ್ಣ ಉಳಿಯನ್ನು ನೆಲಕ್ಕೆ ಓರೆಯಾಗಿ ಹಿಡಿದು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿದ್ದಕ್ಕೆ ಒಂದು ಗಂಟೆ ಹಿಡಿಯಿತು. ಆತುರಪಟ್ಟರೆ ಒಡೆಯುವುದು ಟೈಲ್ಸು. ಕನ್ನಡಕ, ದಪ್ಪ ಕೈಗವಸು ಬೇಕೇ ಬೇಕು.

ಎತ್ತಿದ ಕೂಡಲೇ ಕೊಳವೆಯ ಬಾಯಿಗೆ ಹಳೇ ಬಟ್ಟೆ ತುರುಕಬೇಕು. ಕೊಳಚೆ ಗಾಳಿಯಲ್ಲಿ ಮೀಥೇನೂ ಹೈಡ್ರೋಜನ್ ಸಲ್ಫೈಡೂ ಇರುತ್ತವೆ. ಬಟ್ಟೆಗೆ ಒಂದು ದಾರ ಕಟ್ಟಿ ಇನ್ನೊಂದು ತುದಿಯನ್ನು ನಲ್ಲಿಗೆ ಬಿಗಿಯಿರಿ. ಬಟ್ಟೆ ಒಳಕ್ಕೆ ಜಾರಿಹೋದರೆ ಆ ದಿನದ ಕೆಲಸವೇ ಬೇರೆಯಾಗುತ್ತದೆ.

ಈಗ ನಡುಬಿಂದುವನ್ನು ಮತ್ತೆ ಅಳೆದದ್ದು: 228, ಮೊದಲಿನಷ್ಟೇ. ಕೊಳವೆ 110 ಮಿಮೀ ಪಿವಿಸಿ, ಅಂಚು ನೆಲಕ್ಕೆ ಸಮ. ಒಳಗೆ ಒಂದು ಕಡೆ ಸಿಮೆಂಟಿನ ತುಣುಕು ಗೋಲಿಗಾತ್ರಕ್ಕೆ ಅಂಟಿಕೊಂಡಿತ್ತು. ಅದನ್ನು ಕೆಡವಿ ಹೊರಗೆ ತೆಗೆದು, ಅಂಚನ್ನು ಅರದಿಂದ ನಯ ಮಾಡಿದ್ದಾಯಿತು.

ಕೂರಿಸುವುದು

ಮೊದಲು ಒಣ ಜೋಡಣೆ. ರಬ್ಬರ್ ಹಾಕದೆ ಬೌಲನ್ನು ಜಾಗದಲ್ಲಿಟ್ಟು, ರಸಮಟ್ಟವನ್ನು ಅಡ್ಡಡ್ಡ ಮತ್ತು ಉದ್ದುದ್ದ ಇಟ್ಟು ನೋಡಿ, ಬುಡದ ಸುತ್ತಳತೆಯನ್ನೂ ತಿರುಪಿನ ರಂಧ್ರಗಳನ್ನೂ ಪೆನ್ಸಿಲ್‌ನಿಂದ ಗುರುತಿಸುವುದು. ಎಡ ಹಿಂಬದಿ 1.5 ಮಿಮೀ ತಗ್ಗಿತ್ತು; ಅಲ್ಲಿಗೆ ಪ್ಲಾಸ್ಟಿಕ್ ಬಿಲ್ಲೆ. ಮರದ ಚೂರು ಬೇಡ, ನೆನೆದು ಕೊಳೆಯುತ್ತದೆ.

ಟೈಲ್ಸ್‌ಗೆ ರಂಧ್ರ ಕೊರೆಯುವಾಗ ಗುರುತಿನ ಮೇಲೆ ಕಾಗದದ ಟೇಪ್ ಅಂಟಿಸಿ, ಹ್ಯಾಮರ್ ಬಂದ್ ಮಾಡಿ, ನಿಧಾನ ವೇಗದಲ್ಲಿ ಮೆರುಗಿನ ಪದರ ದಾಟಿಸಿ. ನಂತರ ಬೇಕಿದ್ದರೆ ಹ್ಯಾಮರ್. ಆಳ ಪ್ಲಗ್ಗಿನ ಉದ್ದಕ್ಕಿಂತ 5 ಮಿಮೀ ಮಾತ್ರ ಹೆಚ್ಚಿರಲಿ, ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ನೆಲದಡಿ ನೀರು ತಡೆಯುವ ಪದರ ಇರುತ್ತದೆ, ಕೊಳವೆಯೂ ಹಾದಿರಬಹುದು. ಪ್ಲಗ್ ತೂರಿಸುವ ಮೊದಲು ಪ್ರತಿ ರಂಧ್ರಕ್ಕೂ ಸಿಲಿಕಾನ್ ತುಂಬಿದರೆ ತಿರುಪಿನ ದಾರಿಯಲ್ಲಿ ನೀರು ಕೆಳಗಿಳಿಯುವುದಿಲ್ಲ. ಕೆಳಮನೆಯ ಛಾವಣಿಗೆ ಬರುವ ಎಷ್ಟೋ ತೇವದ ಕಲೆಗಳಿಗೆ ಈ ಎರಡು ರಂಧ್ರಗಳೇ ಮೂಲ.

ಬಾಯಿಯ ಕನೆಕ್ಟರನ್ನು ಬೌಲ್‌ಗೆ ಏರಿಸಿ, ರಬ್ಬರ್ ತುಟಿಗಳಿಗೆ ಸಾಬೂನು ನೀರು ಸವರಿ, ನೇರ ಮೇಲಿನಿಂದ ಕೊಳವೆಗೆ ಇಳಿಸಬೇಕು. ಗ್ರೀಸ್, ಎಂಜಿನ್ ಆಯಿಲ್ ಬೇಡ. ಈ ರಬ್ಬರ್ ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ಬಗೆ, ಖನಿಜ ತೈಲ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಫ್ಲೇಂಜಿನ ಮಾದರಿಗೆ ಮೇಣದ ಉಂಗುರ ಬಳಸುವುದಾದರೆ ಒಂದೇ ಸಲ ಇಳಿಸಬೇಕು. ಒತ್ತಿದ ಮೇಲೆ ಸರಿಯಿಲ್ಲವೆಂದು ಎತ್ತಿದರೆ ಆ ಉಂಗುರ ಮುಗಿಯಿತು, ಹೊಸದು ಬೇಕು. ಹಳೇ ನೆಲದ ಮೇಲೆ ಹೊಸ ಟೈಲ್ಸ್ ಹಾಕಿದ್ದರೆ ಫ್ಲೇಂಜ್ ತಗ್ಗಿಗೆ ಹೋಗಿರುತ್ತದೆ, ಆಗ ಅದನ್ನು ಎತ್ತರಿಸುವ ಬಳೆ ಹಾಕದೆ ಮುಂದುವರಿಯಬೇಡಿ.

ತಿರುಪುಗಳು ಸ್ಟೇನ್‌ಲೆಸ್, ಅಡಿಗೆ ಪ್ಲಾಸ್ಟಿಕ್ ಬುಷ್. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು, ಹೀಗೆ. ಅಲುಗಾಟ ನಿಂತಿತೋ, ಅಲ್ಲಿಗೆ ಸಾಕು. ಇನ್ನೂ ಅಲುಗಾಡುತ್ತಿದ್ದರೆ ಬಿಲ್ಲೆ ಬೇಕಾಗಿದೆ ಎಂದರ್ಥ, ಬಿಗಿತವಲ್ಲ. ಹಳೆಯದರ ಬಿರುಕು ಹುಟ್ಟಿದ್ದು ಈ ತಪ್ಪಿನಿಂದಲೇ. ಟ್ಯಾಂಕಿಗೂ ಅದೇ ನಿಯಮ. ದಪ್ಪ ಗ್ಯಾಸ್ಕೆಟ್ ಒತ್ತಿಕೊಂಡು, ಟ್ಯಾಂಕು ಬೌಲ್‌ನ ಉಬ್ಬುಗಳ ಮೇಲೆ ಸಮನಾಗಿ ಕೂತು, ಕೈಯಿಂದ ತಳ್ಳಿದರೆ ಕದಲದಿದ್ದರೆ ಬಿಟ್ಟುಬಿಡಿ. ಬೋಲ್ಟಿನ ರಬ್ಬರ್ ವಾಷರ್ ಟ್ಯಾಂಕಿನ ಒಳಗಡೆ, ಲೋಹದ ವಾಷರ್ ಹೊರಗಡೆ. ತಿರುಗುಮುರುಗಾದರೆ ಮೊದಲ ದಿನವೇ ತೊಟ್ಟಿಕ್ಕುತ್ತದೆ.

ಕನೆಕ್ಷನ್ ಪೈಪನ್ನು ಟ್ಯಾಂಕಿಗೆ ಸೇರಿಸುವ ಮೊದಲು ಅದರ ತುದಿಯನ್ನು ಬಕೆಟ್‌ಗೆ ಹಿಡಿದು ಕಾಕ್ ಪೂರ್ತಿ ತೆರೆದು 10 ಲೀಟರ್ ಹರಿಸಿ. ಇಲ್ಲಿ ಬಂದ ನೀರು ಮೊದಲು ಕಂದು, ಬಕೆಟ್ ತಳದಲ್ಲಿ ಸಾಸಿವೆಯಂಥ ತುಕ್ಕಿನ ಕಣಗಳು, ಒಂದು ಎಳೆ ಹಳೇ ಟೆಫ್ಲಾನ್ ಟೇಪ್. ಇದೆಲ್ಲ ಹೊಸ ಫಿಲ್ ವಾಲ್ವ್‌ನೊಳಗೆ ಹೋಗುತ್ತಿತ್ತು. ಹೊಸ ವಾಲ್ವ್ ವಾರದೊಳಗೆ ಕೆಟ್ಟಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಕಸವೇ. ಟೆಫ್ಲಾನ್ ಟೇಪ್ ಸುತ್ತಬೇಕಾದ್ದು ಗೋಡೆಗೆ ಹೋಗುವ ಕಾಕ್‌ನ ಮರೆಗೆ (ತಿರುಪಿನ ಸುತ್ತುಗಳಿಗೆ) ಮಾತ್ರ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದೆ, ಅಲ್ಲಿ ಟೇಪ್ ಬೇಡ. ಪ್ಲಾಸ್ಟಿಕ್ ಮರೆಯನ್ನು ಕೈಯಿಂದ ಬಿಗಿದು ಸ್ಪ್ಯಾನರ್‌ನಿಂದ ಕಾಲು ಸುತ್ತು, ಅಷ್ಟೇ.

ನೀರಿನ ಮಟ್ಟ, ಹೆಚ್ಚಾದ ನೀರನ್ನು ಬೌಲ್‌ಗೆ ಇಳಿಸುವ ಓವರ್‌ಫ್ಲೋ ಕೊಳವೆಯ ಬಾಯಿಗಿಂತ 25 ಮಿಮೀ ಕೆಳಗೆ ನಿಲ್ಲುವಂತೆ ಫ್ಲೋಟ್ ಹೊಂದಿಸಿ. ಫಿಲ್ ವಾಲ್ವ್‌ನಿಂದ ಓವರ್‌ಫ್ಲೋಗೆ ಬರುವ ಸಣ್ಣ ಕೊಳವೆ ಇದ್ದರೆ ಅದರ ತುದಿ ಬಾಯಿಯ ಮೇಲೇ ಕ್ಲಿಪ್‌ನಲ್ಲಿರಬೇಕು. ಒಳಕ್ಕೆ ಇಳಿಬಿಟ್ಟರೆ ಸೈಫನ್ ಹಿಡಿದು ಟ್ಯಾಂಕಿನ ನೀರನ್ನು ಸದ್ದಿಲ್ಲದೆ ಎಳೆಯುತ್ತಿರುತ್ತದೆ. ವಾಷರ್ ಬದಲಿಸಿದರೂ ಸೋರಿಕೆ ನಿಲ್ಲದ ವಿಚಿತ್ರಕ್ಕೆ ಇದೇ ಉತ್ತರ.

ಪರೀಕ್ಷೆ

ಹತ್ತು ಫ್ಲಶ್ ಮಾಡಿ, ಪ್ರತಿ ಸಲ ಬೋಲ್ಟ್‌ಗಳ ಅಡಿ, ಗ್ಯಾಸ್ಕೆಟ್ ಸುತ್ತ, ಬುಡದ ಹಿಂದೆ ಒಣ ಟಿಶ್ಯೂ ಒತ್ತಿ ನೋಡಿದ್ದು. ಮೂರನೇ ಫ್ಲಶ್‌ಗೆ ಎಡ ಬೋಲ್ಟಿನಲ್ಲಿ ಒಂದು ಹನಿ. ಕಾಲು ಸುತ್ತಿಗೆ ನಿಂತಿತು. ಬಣ್ಣದ ಪರೀಕ್ಷೆ ಅರ್ಧ ಗಂಟೆ, ಬೌಲ್ ತಿಳಿ. ಬೌಲ್‌ನಲ್ಲಿ ನಿಂತ ನೀರು ಬಾಗಿನ ಒಳಂಚಿಗಿಂತ 50 ಮಿಮೀ ಆದರೂ ಮೇಲಿರಬೇಕು, ಕೊಳಚೆ ಗಾಳಿಯನ್ನು ತಡೆಯುವುದು ಅದೇ. ಬೇರೆ ಕಡೆ ನೀರು ಬಿಟ್ಟಾಗ ಇಲ್ಲಿ ಗುಳುಗುಳು ಎಂದು ಮಟ್ಟ ಇಳಿದರೆ ಗಾಳಿಕೊಳವೆ ಮುಚ್ಚಿಕೊಂಡಿದೆ, ಕಮೋಡಿನ ತಪ್ಪಲ್ಲ.

ಬುಡಕ್ಕೆ ಸಿಲಿಕಾನ್ ಹಚ್ಚಿದ್ದು ಮರುದಿನ. ಅಷ್ಟರಲ್ಲಿ ಸೋರಿಕೆ ಇದ್ದರೆ ಕಂಡಿರುತ್ತಿತ್ತು. ಹಿಂಬದಿಯಲ್ಲಿ 50 ಮಿಮೀ ಜಾಗ ಹಚ್ಚದೆ ಬಿಡಬೇಕು. ಮುಂದೆಂದಾದರೂ ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ಸುತ್ತಲೂ ಮುಚ್ಚಿದರೆ ಅದು ನೆಲದೊಳಗೇ ಇಳಿಯುತ್ತದೆ. ವೈಟ್ ಸಿಮೆಂಟ್ ಹಚ್ಚಿದರೆ ನೆಲವೂ ಬೌಲೂ ಒಂದೇ ಬಂಡೆಯಾಗಿ, ಮುಂದೆ ಬಿಚ್ಚುವಾಗ ಎರಡರಲ್ಲಿ ಒಂದು ಒಡೆಯಲೇಬೇಕು. ಸಿಲಿಕಾನ್ ಒಣಗಲು 24 ಗಂಟೆ, ಅಷ್ಟು ಹೊತ್ತು ಯಾರೂ ಕೂರುವಂತಿಲ್ಲ.

ವಾರದ ನಂತರ ಬುಡದ ತಿರುಪುಗಳನ್ನು ಒಮ್ಮೆ ಮುಟ್ಟಿ ನೋಡಿ. ಟ್ಯಾಂಕಿನೊಳಗೆ ಕ್ಲೋರಿನ್ ಗುಳಿಗೆ ಹಾಕಬೇಡಿ, ವಾಷರ್ ಬಿರುಸಾಗಿ ಸೊಟ್ಟಗಾಗುತ್ತದೆ. ಫಿಲ್ ವಾಲ್ವ್‌ನ ಬುಡದ ಜಾಲರಿಯನ್ನು ಆರು ತಿಂಗಳಿಗೊಮ್ಮೆ ತೊಳೆಯಿರಿ.

ಕೊನೆಗೆ ಟ್ಯಾಂಕಿನ ಮುಚ್ಚಳ ಮಗುಚಿ, ಒಳಮೈಯಲ್ಲಿ ಅಳಿಸಲಾಗದ ಪೆನ್ನಿನಿಂದ ಬರೆದದ್ದು: ಎಸ್ ಟ್ರ್ಯಾಪ್, ನೆಲದ ಅಳತೆ 228, ಸೀಟು 155, ಫ್ಲಶ್ ವಾಲ್ವ್ ವಾಷರ್‌ನ ಹೊರ ವ್ಯಾಸ, ಮಾದರಿಯ ಸಂಖ್ಯೆ, ಕೂರಿಸಿದ ತಿಂಗಳು. ಹೊಸ ವಾಲ್ವ್‌ಗೆಂದು ತಂದಿದ್ದ ಒಂದು ಹೆಚ್ಚುವರಿ ವಾಷರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ಯಾಂಕಿನ ಹಿಂದೆ ಗೋಡೆಗೆ ಅಂಟಿಸಿದೆ.